ತಕರಾರು ಹಸುವಿನದಲ್ಲ, ಬಾಗಿಲಿನದು

ಈಗ ನೀವು ನೋಡುತ್ತಿರುವುದು ಚಿಕ್ಕಬಳ್ಳಾಪುರ ಜಿಲ್ಲೆಯ ದಂಡಿಗಾನಹಳ್ಳಿ ಕೆರೆ. ಬೆಳಗಿನ ಜಾವ ನಂದಿ ಬೆಟ್ಟಕ್ಕೆ ಸಾಲುಗಟ್ಟಿ ಬರುವ ಕಾರುಗಳು ಈ ಕಡೆ ತಿರುಗುವುದು ಕಡಿಮೆ. ನನ್ನ ಬಳಿ ಡ್ರೋನ್ ಇಲ್ಲ. ಏರಿಯ ಮೇಲೆ ನಡೆಯುತ್ತಾ ಮೊಬೈಲಿನಲ್ಲಿ ತೆಗೆದ ದೃಶ್ಯಗಳಿವು, ಅಲುಗಾಟವನ್ನು ಸಹಿಸಿಕೊಳ್ಳಿ.

ಈ ವೀಡಿಯೊಗೆ ‘ಅಮೆರಿಕವನ್ನು ನಡುಗಿಸಿದ ನಮ್ಮ ಕೆರೆ’ ಎಂದು ಹೆಸರಿಟ್ಟಿದ್ದರೆ ನೋಡುಗರು ಮುಗಿಬೀಳುತ್ತಿದ್ದರೇನೋ. ಆದರೆ ಅಮೆರಿಕ ನಡುಗಲಿಲ್ಲ. ನಡೆದದ್ದು ಅದಕ್ಕಿಂತ ಸ್ವಾರಸ್ಯದ ಸಂಗತಿ.

2018ರಲ್ಲಿ ಅಮೆರಿಕದ ವಿಜ್ಞಾನಿಗಳ ತಂಡವೊಂದು ‘ನೇಚರ್’ ಪತ್ರಿಕೆಯಲ್ಲಿ ದೊಡ್ಡ ಸುದ್ದಿಯೊಂದನ್ನು ಪ್ರಕಟಿಸಿತು. ಪಶ್ಚಿಮ ಆಸ್ಟ್ರೇಲಿಯಾದ ಬರಡು ಬಯಲಿನಲ್ಲಿಟ್ಟ ‘ಎಡ್ಜಸ್’ ಎಂಬ ಉಪಕರಣಕ್ಕೆ, ವಿಶ್ವದ ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಗುರುತು ಸಿಕ್ಕಿದೆ ಎಂಬ ಸುದ್ದಿ. ಮಹಾಸ್ಫೋಟವಾಗಿ ಸುಮಾರು 18 ಕೋಟಿ ವರ್ಷ ಕಳೆದಿದ್ದಾಗ ಜಲಜನಕ ಹೀರಿಕೊಂಡ ರೇಡಿಯೊ ಅಲೆ, ಇಂದು 78 ಮೆಗಾಹರ್ಟ್ಸ್ ಸುತ್ತ ಅಲೆಯ ಬಲದಲ್ಲಿ ಒಂದು ಸಣ್ಣ ತಗ್ಗಾಗಿ ಕಾಣುತ್ತದೆ ಎಂದು ಅವರು ಹೇಳಿದರು. ಸಣ್ಣದು ಎಂದೆ, ಆದರೆ ಸಿದ್ಧಾಂತಿಗಳು ಲೆಕ್ಕ ಹಾಕಿದ್ದಕ್ಕಿಂತ ಅದು ಎರಡು ಪಟ್ಟಿಗೂ ಹೆಚ್ಚು ಆಳವಾಗಿತ್ತು. ಭೌತಶಾಸ್ತ್ರವನ್ನೇ ತಿದ್ದಬೇಕಾದೀತೇ ಎಂಬ ಚರ್ಚೆ ಎದ್ದಿತು. ಇನ್ನೊಬ್ಬರು ಬೇರೆ ಉಪಕರಣದಿಂದ ಅಳೆದು ನೋಡದ ಹೊರತು ಈ ಚರ್ಚೆ ಮುಗಿಯುವಂತಿರಲಿಲ್ಲ.

ಅಳೆದು ನೋಡಿದವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು. ಅವರ ಉಪಕರಣದ ಹೆಸರು ‘ಸರಸ್ 3’. ಇದೇ ಹೆಸರಿನ ವಿಮಾನವೊಂದಿದೆ, ಅದು ಬೇರೆ. ಇದು ತೇಲುವ ಆಂಟೆನಾ: ತೆಪ್ಪದ ಮೇಲೆ ಲೋಹದ ದುಂಡನೆಯ ತಟ್ಟೆ, ಅದರ ನಡುವೆ ತುದಿ ಕೆಳಗೆ ಮಾಡಿ ನಿಲ್ಲಿಸಿದ ಶಂಕು, ದತ್ತಾಂಶವನ್ನು ದಡಕ್ಕೆ ತರುವ ಆಪ್ಟಿಕಲ್ ಫೈಬರ್ ಎಳೆ. 2020ರಲ್ಲಿ ಅದನ್ನು ಈ ಕೆರೆಯ ಮೇಲೂ ಶರಾವತಿಯ ಹಿನ್ನೀರಿನ ಮೇಲೂ ತೇಲಿಸಿದರು. ಹಾಗಾಗಿ ‘ನಮ್ಮ ಕೆರೆ’ ಎಂದು ನಾವೊಬ್ಬರೇ ಎದೆ ತಟ್ಟಿಕೊಳ್ಳುವಂತೆಯೂ ಇಲ್ಲ, ಮಲೆನಾಡಿನವರಿಗೂ ಪಾಲು ಕೊಡಬೇಕು.

ಏರಿಯ ಮೇಲೆ ಬಲೆ ಬಿಡಿಸುತ್ತಿದ್ದ ಒಬ್ಬರು, ಏನು ಚಿತ್ರೀಕರಿಸುತ್ತಿದ್ದೇನೆ ಎಂದು ಕೇಳಿದರು. ಇಷ್ಟನ್ನೂ ಹೇಳಿದೆ. ಅವರು ಕೇಳಿದ ಪ್ರಶ್ನೆ ನನ್ನ ಎಂಜಿನಿಯರಿಂಗ್ ತರಗತಿಯಲ್ಲಿ ಯಾರೂ ಕೇಳುತ್ತಿರಲಿಲ್ಲ.

‘ನೀರಿನ ಮೇಲೆ ಏಕಪ್ಪಾ? ನೆಲ ಸಾಲದೇ?’

ನೆಲ ಸಾಲದು ಅಣ್ಣಾ. ನೆಲದ ಮೇಲಿಟ್ಟರೆ ಅಲೆಯ ಒಂದು ಪಾಲು ಮಣ್ಣಿನೊಳಗೆ ಇಳಿದು, ಕೆಳಗಿನ ಬಂಡೆಗೆ ತಾಗಿ, ಹಾಳು ಬಾವಿಯೊಳಗೆ ಕೂಗಿದಾಗ ಬರುವ ಮರುದನಿಯಂತೆ ಹಿಂದಿರುಗುತ್ತದೆ. ಮಣ್ಣು ಒಂದು ಕಡೆ ಒದ್ದೆ, ಒಂದು ಕಡೆ ಒಣ, ಕೆಳಗೆ ಕಲ್ಲು. ಯಾವ ಪದರ ಎಷ್ಟನ್ನು ಹಿಂದಿರುಗಿಸಿತು ಎಂದು ಲೆಕ್ಕ ಹಾಕುವುದು ಕಷ್ಟ. ಹುಡುಕುತ್ತಿರುವ ತಗ್ಗು ಅರ್ಧ ಕೆಲ್ವಿನ್‌ನಷ್ಟು (ಅಲೆಯ ಬಲವನ್ನು ಖಗೋಳಜ್ಞರು ತಾಪಮಾನದ ಅಳತೆಯಲ್ಲೇ ಹೇಳುತ್ತಾರೆ), ಆಕಾಶಗಂಗೆಯ ಗದ್ದಲ ಅದರ ಸಾವಿರಾರು ಪಟ್ಟು. ಆ ಮರುದನಿಯೇ ನಕ್ಷತ್ರದ ಗುರುತಿನಂತೆ ಕಂಡುಬಿಡಬಹುದು. ನೀರಾದರೆ ತಳದವರೆಗೂ ಒಂದೇ ಬಗೆ, ಲೆಕ್ಕಕ್ಕೆ ಸಿಗುತ್ತದೆ.

ಅವರು ಸ್ವಲ್ಪ ಯೋಚಿಸಿ, ‘ಹಾಗಾದರೆ ಅಮೆರಿಕದವರಿಗೆ ಕೆರೆ ಸಿಗಲಿಲ್ಲವೇ?’ ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಸೌರಭ್ ಸಿಂಗ್, ರವಿ ಸುಬ್ರಹ್ಮಣ್ಯನ್ ಮತ್ತು ಸಂಗಡಿಗರ ಫಲಿತಾಂಶ 2022ರಲ್ಲಿ ‘ನೇಚರ್ ಆಸ್ಟ್ರಾನಮಿ’ಯಲ್ಲಿ ಬಂತು. ಎಡ್ಜಸ್ ಹೇಳಿದ ಆಕಾರದ ತಗ್ಗು ತಮ್ಮ ಅಳತೆಯಲ್ಲಿ ಇಲ್ಲ, ಅದನ್ನು 95.3 ಶೇಕಡಾ ವಿಶ್ವಾಸದಿಂದ ತಳ್ಳಿಹಾಕುತ್ತೇವೆ ಎಂದರು. ಗೆದ್ದೆವು ಎನ್ನಲಿಲ್ಲ. 95.3 ಎಂದರು. ಆ ದಶಮಾಂಶದ ಸಂಕೋಚ ನನಗೆ ಬಹಳ ಇಷ್ಟವಾಯಿತು.

ಇಲ್ಲಿ ಒಂದು ವ್ಯಂಗ್ಯಚಿತ್ರವನ್ನು ನೆನಪಿಸಬೇಕು. 2014ರ ಸೆಪ್ಟೆಂಬರ್‌ನಲ್ಲಿ ಮಂಗಳಯಾನ ಮಂಗಳನ ಕಕ್ಷೆ ಸೇರಿದಾಗ ‘ನ್ಯೂಯಾರ್ಕ್ ಟೈಮ್ಸ್’ ಅದನ್ನು ಪ್ರಕಟಿಸಿತು. ಒಳಗೆ ಗಣ್ಯರ ಬಾಹ್ಯಾಕಾಶ ಕ್ಲಬ್ಬು, ಹೊರಗೆ ಹಸುವಿನ ಹಗ್ಗ ಹಿಡಿದು ಬಾಗಿಲು ತಟ್ಟುತ್ತಿರುವ ಭಾರತದ ರೈತ. ಇಲ್ಲಿ ಸಿಟ್ಟು ಎದ್ದಿತು, ಪತ್ರಿಕೆ ಕ್ಷಮೆ ಕೇಳಿತು. ಸಿಟ್ಟಾದವರಲ್ಲಿ ಬಹಳ ಮಂದಿಗೆ ಚುಚ್ಚಿದ್ದು ಹಸು. ನನಗೆ ಅದು ಅರ್ಥವಾಗುವುದಿಲ್ಲ. ರೇಷ್ಮೆ ಮತ್ತು ಹಾಲಿನಿಂದ ಬದುಕುವ ಜಿಲ್ಲೆ ನಮ್ಮದು. ಡೈರಿಗೆ ಹಾಲು ಹಾಕಿದ ದುಡ್ಡಿನಲ್ಲೇ ನನ್ನ ಕಾಲೇಜಿನ ಫೀಸು ಕಟ್ಟಿದ್ದು. ಹಸುವಿನ ಪಕ್ಕ ನಿಂತ ರೈತನನ್ನು ಕಂಡು ನಾನು ನಾಚಿಕೊಳ್ಳಲಾರೆ. ನನ್ನ ತಕರಾರಿರುವುದು ಆ ಬಾಗಿಲಿನ ಬಗ್ಗೆ. ನಾವು ಹೊರಗಿದ್ದೆವು, ಈಗಷ್ಟೇ ಬಂದು ತಟ್ಟುತ್ತಿದ್ದೇವೆ ಎಂದುಕೊಂಡರಲ್ಲ, ಅದು ಸುಳ್ಳು.

ಸುಳ್ಳು ಎನ್ನುವುದಕ್ಕೆ ಗೌರಿಬಿದನೂರಿಗೆ ಬರಬೇಕು. ಈ ದೃಶ್ಯ ಬೇಲಿಯ ಹೊರಗಿನಿಂದ ತೆಗೆದದ್ದು. ಅನುಮತಿಯಿಲ್ಲದೆ ಒಳಗೆ ಹೋಗುವಂತಿಲ್ಲ, ಮೊಬೈಲಿನ ಅಲೆಗಳೂ ಅಲ್ಲಿ ಬೇಡದ ಅತಿಥಿಗಳು. ದೂರದರ್ಶಕ ಎಂದರೆ ಬಿಳಿಯ ಗುಮ್ಮಟವನ್ನು ನಿರೀಕ್ಷಿಸುವವರಿಗೆ ನಿರಾಸೆಯಾಗುತ್ತದೆ, ಇಲ್ಲಿರುವುದು ಕಂಬ ಮತ್ತು ತಂತಿ. 1976ರಿಂದ ಕೆಲಸ ಮಾಡಿದ ರೇಡಿಯೊ ದೂರದರ್ಶಕ ಇದು, ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಸ್ಥೆ ಸೇರಿ ಕಟ್ಟಿದ್ದು. ಡೈಪೋಲ್ ಎಂಬ ಸರಳ ಆಂಟೆನಾಗಳು ಸಾವಿರ, ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 1.4 ಕಿಲೋಮೀಟರ್. ಇದರಿಂದಲೇ ಕೆ. ಎಸ್. ದ್ವಾರಕಾನಾಥ್ ಮತ್ತು ಎನ್. ಉದಯಶಂಕರ್ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶದ ನಕ್ಷೆ ತಯಾರಿಸಿ 1990ರಲ್ಲಿ ಪ್ರಕಟಿಸಿದರು. ಅದೇ ಉದಯಶಂಕರ್ ಮುಂದೆ ಸರಸ್ ತಂಡದಲ್ಲೂ ಇದ್ದಾರೆ. ತೇಲುವ ಆಂಟೆನಾದ ಹಿಂದೆ ದಶಕಗಳ ಕೈಪಳಗಿದ ವಿದ್ಯೆಯಿತ್ತು.

ವಿದ್ಯೆ ಇಲ್ಲಿಂದ ಹೊರಕ್ಕೂ ಹರಿಯಿತು. ಇದೇ ಎರಡು ಸಂಸ್ಥೆಗಳು ಮಾರಿಷಸ್ ವಿಶ್ವವಿದ್ಯಾಲಯದ ಜೊತೆ ಸೇರಿ ಆ ದ್ವೀಪದಲ್ಲಿ ಇನ್ನೊಂದು ‘ಟಿ’ ಆಕಾರದ ರೇಡಿಯೊ ದೂರದರ್ಶಕ ಕಟ್ಟಿದವು. ‘ಅಭಿವೃದ್ಧಿಶೀಲ’ ಎಂಬ ಹಣೆಪಟ್ಟಿಯ ಒಂದು ದೇಶ ಇನ್ನೊಂದಕ್ಕೆ ಆಕಾಶವನ್ನು ಕೇಳಲು ನೆರವಾದದ್ದನ್ನು ಯಾವ ವ್ಯಂಗ್ಯಚಿತ್ರಕಾರನೂ ಬರೆದದ್ದನ್ನು ನಾನು ನೋಡಿಲ್ಲ. ನಮ್ಮ ಊರಿನ ಹುಡುಗರಿಗೂ ಇದು ಗೊತ್ತಿಲ್ಲ. ಗೌರಿಬಿದನೂರು ಎಂದರೆ ವಿದುರಾಶ್ವತ್ಥದ ದಾರಿ ಎನ್ನುತ್ತಾರೆ, ಅಷ್ಟೇ. ಹೊರಗಿನವರನ್ನು ಮಾತ್ರ ದೂರಿ ಏನು ಪ್ರಯೋಜನ?

ಅಂದ ಹಾಗೆ, ಮೊದಲ ನಕ್ಷತ್ರಗಳ ಗುರುತು ಇನ್ನೂ ಖಚಿತವಾಗಿ ಸಿಕ್ಕಿಲ್ಲ. ಸರಸ್ ಹೇಳಿದ್ದು ಏನು ಇಲ್ಲ ಎಂಬುದನ್ನು, ಏನಿದೆ ಎಂಬುದನ್ನಲ್ಲ. ರಾಮನ್ ಸಂಸ್ಥೆಯವರು ಈಗ ‘ಪ್ರತುಷ್’ ಎಂಬ ಉಪಕರಣವನ್ನು ಚಂದ್ರನ ಕಕ್ಷೆಗೆ ಕಳಿಸುವ ಯೋಜನೆಯಲ್ಲಿದ್ದಾರೆ. ಚಂದ್ರನ ಆಚೆ ಬದಿಯಲ್ಲಿ ನಮ್ಮ ಎಫ್‌ಎಂ ಕೇಂದ್ರಗಳ ಕಾಟವಿಲ್ಲ, ನೆಲದ ಮರುದನಿಯನ್ನು ತಪ್ಪಿಸಲು ಕೆರೆ ಹುಡುಕುವ ಕೆಲಸವೂ ಇಲ್ಲ.