ಇಲಿಯ ತಲೆ, ನಮ್ಮ ತಲೆ

ಕೇಳುಗರಿಗೆ ನಮಸ್ಕಾರ. ಈ ಹೊತ್ತಿಗೆ ಕಾರವಾರದ ಅರ್ಧ ಮನೆಗಳಲ್ಲಿ ಮೀನು ಸಾರಿಗೆ ಕಾಯಿ ಅರೆಯುತ್ತಿರುತ್ತೀರಿ, ಗೊತ್ತು. ಮಿಕ್ಸಿ ಒಂದು ನಾಲ್ಕು ನಿಮಿಷ ನಿಲ್ಲಿಸಿ.

ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ ಮಾತಾಡಿ ಅಂದಿದ್ದಾರೆ. ನಾನು ಹೇಳುವುದು ಒಂದೇ: ಇಲಿಯ ತಲೆ ಬೇರೆ, ನಮ್ಮ ತಲೆ ಬೇರೆ.

ಹೋದ ತಿಂಗಳು ಸದಾಶಿವಗಡದ ನನ್ನ ಸೋದರತ್ತೆ ಮನೆಗೆ ಕರೆಸಿಕೊಂಡರು. ಚಹಾ ಕೊಡುವ ಮೊದಲೇ ಫ್ರೀಜರ್ ಬಾಗಿಲು ತೆಗೆದರು. ಬಾಂಗಡೆ ಪೊಟ್ಟಣ ಸರಿಸಿದರು, ಸಿಗಡಿ ಡಬ್ಬಿ ಸರಿಸಿದರು. ಹಿಂದೆ ಬಿಳಿ ಮಂಜು ಹಿಡಿದ ಒಂದು ಪೆನ್ನು. ಬರೆಯುವ ಪೆನ್ನಲ್ಲ, ತೂಕ ಇಳಿಸುವ ಸೆಮಾಗ್ಲುಟೈಡ್ ಎಂಬ ಔಷಧದ ಇಂಜೆಕ್ಷನ್ ಪೆನ್ನು. ಮಗ ದುಬೈಯಿಂದ ತಂದುಕೊಟ್ಟದ್ದು.

"ಏ ತಮಾ, ಇದು ಚುಚ್ಚಿಕೊಂಡ್ರೆ ತಲೆಯೊಳಗೆ ಹೊಸ ಕೋಶ ಹುಟ್ತದಂತೆ, ಹೌದಾ? ಕನ್ನಡಕ ಎಲ್ಲಿಟ್ಟೆ ಅಂತ ನೆನಪೇ ಇರೂದಿಲ್ಲ ನನಗೆ."

ಅತ್ತೆಯ ತೂಕ 44 ಕಿಲೋ! ಗಾಳಿ ಜೋರಾದರೆ ಕಾಳಿ ಸೇತುವೆ ಮೇಲೆ ಒಬ್ಬರನ್ನೇ ಬಿಡಲು ನಮಗೆ ಹೆದರಿಕೆ.

ಸುದ್ದಿ ಪೂರ್ತಿ ಸುಳ್ಳಲ್ಲ. ಉಂಡ ಮೇಲೆ 'ಸಾಕು' ಅಂತ ಮಿದುಳಿಗೆ ತಿಳಿಸಲು ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನು ಬಿಡುತ್ತದೆ. ಈ ಔಷಧ ಅದರದೇ ನಕಲು. ಇದೇ ಗುಂಪಿನ ಲಿರಾಗ್ಲುಟೈಡ್ ಕೊಟ್ಟ ಇಲಿಗಳ ಹಿಪ್ಪೋಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳು ಜಾಸ್ತಿ ಕಂಡವು. ಹಿಪ್ಪೋಕ್ಯಾಂಪಸ್ ಅಂದರೆ ಸಮುದ್ರ ಕುದುರೆ. ಒಮ್ಮೊಮ್ಮೆ ಬಲೆಗೆ ಬೀಳುತ್ತದಲ್ಲ, ಅದೇ. ನೆನಪು ಕೂಡಿಡುವ ಮಿದುಳಿನ ಭಾಗ ಹಾಗೇ ಡೊಂಕಾಗಿದೆ, ಅದಕ್ಕೆ ಆ ಹೆಸರು. ಚೆಂದದ ಸಂಗತಿಯೇ. ಆದರೆ ಅದು ಇಲಿಯ ತಲೆ.

ಮನುಷ್ಯರದ್ದೇನು? ಆಲ್ಝೈಮರ್ ಎಂಬ ಮರೆವಿನ ಕಾಯಿಲೆ ಶುರುವಾದವರಿಗೆ ಸೆಮಾಗ್ಲುಟೈಡ್ ಮಾತ್ರೆ ಕೊಟ್ಟು ಎರಡು ದೊಡ್ಡ ಪರೀಕ್ಷೆ ಮಾಡಿದರು. 2025ರ ನವೆಂಬರಿನಲ್ಲಿ ಫಲ ಹೊರಬಂತು. ಕಾಯಿಲೆ ನಿಧಾನವಾಗಲಿಲ್ಲ. ಇಷ್ಟು ಹೇಳಿ, ಹೆಪ್ಪುಗಟ್ಟಿದ ಪೆನ್ನು ಹೇಗೂ ಕೆಲಸಕ್ಕೆ ಬಾರದು ಅತ್ತೆ, ಎಸೆಯಿರಿ ಅಂದೆ.

"ಹೋಗ್ಲಿ, ಮೀನಿಗೆ ಜಾಗ ಆಯ್ತು" ಅಂದರು.

ಸಕ್ಕರೆ ಕಾಯಿಲೆಗೋ ತೂಕಕ್ಕೋ ಡಾಕ್ಟರು ಬರೆದುಕೊಟ್ಟಿದ್ದರೆ ಸುಮ್ನೆ ನಿಲ್ಲಿಸಬೇಡಿ. ಆ ಕೆಲಸ ಅದು ಚೆನ್ನಾಗಿಯೇ ಮಾಡುತ್ತದೆ. ಹೊಸ ಪೆನ್ನನ್ನು ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಲ್ಲ.

ನೆನಪಿನ ಚಿಂತೆ ಇದ್ದವರು ನಡೆಯಿರಿ. ಅಮೆರಿಕದಲ್ಲಿ 120 ಹಿರಿಯರ ಮೇಲೆ ಒಂದು ಅಧ್ಯಯನ ನಡೆದು 2011ರಲ್ಲಿ ಪ್ರಕಟವಾಯಿತು. ವಾರಕ್ಕೆ ಮೂರು ದಿನ, 40 ನಿಮಿಷ ನಡೆದವರಲ್ಲಿ ವರ್ಷದೊಳಗೆ ಆ ಸಮುದ್ರ ಕುದುರೆ ನೂರಕ್ಕೆ ಎರಡರಷ್ಟು ದೊಡ್ಡದಾಗಿತ್ತು. ಇಲಿಗಳಲ್ಲ, ಮನುಷ್ಯರು!

ಅತ್ತೆ ಈಗ ಸಂಜೆ ದೇವಬಾಗದ ಕಡೆ ನಡೆಯಲು ಹೋಗುತ್ತಾರೆ. ಕನ್ನಡಕ ಮನೆಯಲ್ಲೇ ಮರೆತು. ನಮಸ್ಕಾರ.