ಹೊಲದ ಕೊರಕಲನ್ನು ಮೇಲಿನಿಂದ ಅಳೆಯುವುದು ಹೇಗೆ?

[ದೃಶ್ಯ: ಮೇಲಿನಿಂದ ಕಾಣುವ ಹೊಲ, ನಡುವೆ ಕವಲೊಡೆದ ಕೊರಕಲು]

ಮಳೆನೀರು ಹೊಲದಲ್ಲಿ ಎಳೆದ ಸಣ್ಣ ಗೀರುಗಳು ಒಂದು ಉಳುಮೆಗೆ ಮುಚ್ಚಿಹೋಗುತ್ತವೆ. ಅರ್ಧ ಮೀಟರಿನಷ್ಟು ಆಳಕ್ಕಿಳಿದು, ಟ್ರ್ಯಾಕ್ಟರ್ ದಾಟಲಾಗದಂತಾದರೆ ಅದು ಕೊರಕಲು. ಇದು ಹೆಚ್ಚಾಗಿ ಹಿಂದಕ್ಕೆ ಬೆಳೆಯುತ್ತದೆ. ನೀರು ಧುಮುಕುವ ಜಾಗದಲ್ಲಿ ಬುಡ ಕೊರೆದು, ಮೇಲಿನ ಮಣ್ಣು ಕುಸಿದು, ಕೊರಕಲಿನ ತಲೆ ಏರಿನ ಕಡೆಗೆ ಸರಿಯುತ್ತದೆ. ಆದ್ದರಿಂದ ನಕ್ಷೆಯಲ್ಲಿ ಮೊದಲು ಹುಡುಕಬೇಕಾದ್ದು ಈ ತಲೆಯನ್ನು.

[ದೃಶ್ಯ: ಹಳೆಯ ಕಪ್ಪು-ಬಿಳುಪು ವೈಮಾನಿಕ ಚಿತ್ರ]

ದಶಕಗಳ ಹಿಂದೆ ವಿಮಾನದಿಂದ ತೆಗೆದ ಚಿತ್ರ ಸಿಕ್ಕರೆ ಬಿಡಬೇಡಿ. ಆದರೆ ಲೆಕ್ಕ ಹಾಕಿ ನೋಡಿ: 1:20,000 ಪ್ರಮಾಣದ ಫಿಲ್ಮನ್ನು 21 ಮೈಕ್ರಾನಿನಲ್ಲಿ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಸ್ಕ್ಯಾನ್ ಮಾಡಿದರೆ ಒಂದು ಪಿಕ್ಸೆಲ್ ನೆಲದ ಮೇಲೆ 42 ಸೆಂ.ಮೀ. ಎರಡು ಮೀಟರ್ ಅಗಲದ ಕೊರಕಲಿಗೆ ಐದೇ ಪಿಕ್ಸೆಲ್. ದೊಡ್ಡ ಕೊರಕಲಿನ ಉದ್ದ, ವಿಸ್ತೀರ್ಣ, ತಲೆ ಸರಿದ ದೂರಕ್ಕೆ ಇದು ಸಾಕು. ಆಳವನ್ನು ಇದರಿಂದ ನಂಬಬೇಡಿ.

[ದೃಶ್ಯ: ಡ್ರೋನ್ ಮೇಲೇರುವುದು]

ಆಳ ಬೇಕಿದ್ದರೆ ಡ್ರೋನ್. ಒಂದು ಇಂಚಿನ, 20 ಮೆಗಾಪಿಕ್ಸೆಲ್ ಸೆನ್ಸರ್ ಇರುವ ಕ್ಯಾಮೆರಾ 60 ಮೀಟರ್ ಎತ್ತರದಲ್ಲಿ ಸುಮಾರು 1.6 ಸೆಂ.ಮೀ. ಪಿಕ್ಸೆಲ್ ಕೊಡುತ್ತದೆ. ಒಂದೇ ಜಾಗದ ಹಲವು ಚಿತ್ರಗಳಲ್ಲಿ ಅವೇ ಬಿಂದುಗಳನ್ನು ಹೊಂದಿಸಿ ತಂತ್ರಾಂಶ ಎತ್ತರದ ನಕ್ಷೆ ಕಟ್ಟುತ್ತದೆ. ಅದಕ್ಕಾಗಿ ಚಿತ್ರಗಳು ಒಂದರ ಮೇಲೊಂದು ಬರುವ ಭಾಗ ಹಾರುವ ದಿಕ್ಕಿನಲ್ಲಿ ಶೇ. 80, ಅಕ್ಕಪಕ್ಕದಲ್ಲಿ ಶೇ. 70 ಇರಲಿ. ಕ್ಯಾಮೆರಾಗೆ ಕಾಣುವುದು ಗಿಡದ ತುದಿಯೇ ಹೊರತು ನೆಲವಲ್ಲ. ಕೊಯ್ಲಾದ ಮೇಲೆ, ಹುಲ್ಲು ಒಣಗಿದಾಗ ಹಾರಿಸಿ. ಬೆಳಗ್ಗೆ-ಸಂಜೆಯ ಬಿಸಿಲಿನಲ್ಲಿ ಒಂದು ಗೋಡೆ ಪೂರ್ತಿ ನೆರಳಿಗೆ ಬೀಳುತ್ತದೆ, ಅಲ್ಲಿ ತಂತ್ರಾಂಶಕ್ಕೆ ಹೊಂದಿಸಲು ಬಿಂದುಗಳೇ ಸಿಗುವುದಿಲ್ಲ. ತೆಳುವಾಗಿ ಮೋಡ ಕವಿದ ಮಧ್ಯಾಹ್ನ ಬಂದರೆ ಅದೃಷ್ಟ.

ಹೊಸಬರು ಎಡವುವುದು ಇನ್ನೊಂದು ಕಡೆ. ಎಲ್ಲ ಚಿತ್ರವನ್ನೂ ನೇರ ಕೆಳಮುಖವಾಗಿ ತೆಗೆದರೆ ತಂತ್ರಾಂಶ ಲೆನ್ಸಿನ ವಕ್ರತೆಯನ್ನು ತಪ್ಪಾಗಿ ಅಂದಾಜಿಸಬಹುದು. ಆಗ ಮಟ್ಟಸ ಹೊಲವೂ ಬೋರಲು ಹಾಕಿದ ಬೋಗುಣಿಯಂತೆ ಉಬ್ಬಿ ಬರುತ್ತದೆ. ಕ್ಯಾಮೆರಾವನ್ನು 15–20 ಡಿಗ್ರಿ ಓರೆ ಮಾಡಿ ಇನ್ನೊಂದು ಸುತ್ತು ಹಾರಿಸಿದರೆ ಈ ಉಬ್ಬು ಬಹುಮಟ್ಟಿಗೆ ಹೋಗುತ್ತದೆ. ಕೊರಕಲಿನ ಗೋಡೆಯೂ ಚೆನ್ನಾಗಿ ಕಾಣುತ್ತದೆ.

[ದೃಶ್ಯ: ನೆಲದ ಮೇಲೆ ಹಾಸಿದ ಕಪ್ಪು-ಬಿಳಿ ಗುರುತುಫಲಕ]

ನಕ್ಷೆಯನ್ನು ನೆಲದ ನಿಜವಾದ ಸ್ಥಾನ, ಎತ್ತರಕ್ಕೆ ಕೂರಿಸಲು ಗುರುತುಫಲಕ ಕನಿಷ್ಠ ಐದು: ನಾಲ್ಕು ಮೂಲೆಗೆ, ಒಂದು ನಡುವೆ. ಸಾಧ್ಯವಿದ್ದರೆ ಕೊರಕಲಿನ ತಳದಲ್ಲೂ ಎರಡು. ಸೆಂಟಿಮೀಟರ್ ಮಟ್ಟಕ್ಕೆ ಸ್ಥಾನ ಹೇಳುವ ಆರ್‌ಟಿಕೆ ಜಿಪಿಎಸ್‌ನಿಂದ ಇವುಗಳ ಸ್ಥಾನ ಅಳೆಯಿರಿ. ಇವುಗಳ ಜೊತೆಗೆ ಇನ್ನಷ್ಟು ಬಿಂದುಗಳನ್ನು ಅಳೆದು, ಅವನ್ನು ತಂತ್ರಾಂಶಕ್ಕೆ ಕೊಡದೆ ಪರೀಕ್ಷೆಗೆಂದೇ ಇಟ್ಟುಕೊಳ್ಳಿ. ನಕ್ಷೆಯ ನಿಜವಾದ ದೋಷ ತಿಳಿಯುವುದು ಇವುಗಳಿಂದಲೇ.

[ದೃಶ್ಯ: ಕಂಪ್ಯೂಟರ್ ಪರದೆ, ಅಂಚಿನ ಗೆರೆ]

ಅಂಚನ್ನು ಬಣ್ಣ ನೋಡಿ ಎಳೆಯಬೇಡಿ; ಇಳಿಜಾರಿನ ನಕ್ಷೆಯಲ್ಲಿ ನೆಲ ಥಟ್ಟನೆ ಮುರಿಯುವ ಸಾಲನ್ನು ಹಿಡಿಯಿರಿ. ಆ ಅಂಚಿನ ಎತ್ತರಗಳ ಮೇಲೆ ಮುಚ್ಚಳದಂಥ ಮೇಲ್ಮೈ ರಚಿಸಿ, ಅದರಿಂದ ಈಗಿನ ನೆಲವನ್ನು ಕಳೆದರೆ ಕೊರಕಲಿನ ಗಾತ್ರ ಬರುತ್ತದೆ. 200 ಘನ ಮೀಟರ್ ಬಂದರೆ, ಮಣ್ಣಿನ ಸಾಂದ್ರತೆ ಘನ ಮೀಟರಿಗೆ 1.4 ಟನ್ ಎಂದಿಟ್ಟುಕೊಂಡಾಗ, ಹೋದದ್ದು 280 ಟನ್. ತಲೆಯ ಕೆಳಗೆ ಒಳಸರಿದ ಪೊಟರೆ ಮಾತ್ರ ಈ ಲೆಕ್ಕಕ್ಕೆ ಸಿಗದು.

ಎರಡು ವರ್ಷದ ನಕ್ಷೆಗಳನ್ನು ಹೋಲಿಸುವಾಗ ಎರಡರ ದೋಷವೂ ಸೇರುತ್ತದೆ. ತಲಾ 5 ಸೆಂ.ಮೀ. ಇದ್ದರೆ, ಎರಡರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದಾಗ 7, ಶೇ. 95ರ ಖಾತ್ರಿಗೆ 1.96ರಿಂದ ಗುಣಿಸಿದರೆ ಸುಮಾರು 14 ಸೆಂ.ಮೀ. ಅದಕ್ಕಿಂತ ಕಡಿಮೆ ವ್ಯತ್ಯಾಸವನ್ನು ಸವಕಳಿ ಎನ್ನಬೇಡಿ. ಮುಂದಿನ ಹಾರಾಟಕ್ಕೂ ಬೇಕಾಗುವ ಕಾಯಂ ಗೂಟಗಳನ್ನು ಕೊರಕಲಿನಿಂದ ದೂರ ನೆಡಿ. ಅಂಚಿಗೆ ನೆಟ್ಟ ಗೂಟ ಮಣ್ಣಿನ ಜೊತೆಗೇ ಕೊಚ್ಚಿಹೋಗುತ್ತದೆ.