ಇಳಿಜಾರಿಲ್ಲದ ವೋಲ್ಗಾ

ಕೇಳುಗರಿಗೆ ನಮಸ್ಕಾರ.

ರಷ್ಯಾದ ವೋಲ್ಗಾ ನದಿ ಅಂದ ಕೂಡಲೇ ಎಲ್ಲರೂ ಉದ್ದ ಎಷ್ಟು ಅಂತ ಕೇಳುತ್ತಾರೆ. 3,530 ಕಿಲೋಮೀಟರ್, ಯುರೋಪಿನಲ್ಲೇ ಅತಿ ಉದ್ದದ ನದಿ. ಪರೀಕ್ಷೆಗೆ ಓದುವವರು ಬರೆದುಕೊಳ್ಳಿ. ಆದರೆ ದಯವಿಟ್ಟು ಎತ್ತರವನ್ನೂ ಕೇಳಿ!

ಮಾಸ್ಕೋದ ವಾಯವ್ಯಕ್ಕಿರುವ ವಾಲ್ದಾಯ್ ಗುಡ್ಡಗಳಲ್ಲಿ ವೋಲ್ಗಾ ಹುಟ್ಟುತ್ತದೆ. ಅದು ಸಮುದ್ರಮಟ್ಟದಿಂದ ಬರೀ 228 ಮೀಟರ್ ಮೇಲಿರುವ ಜಾಗ. ಸೇರುವುದು ಸುತ್ತಲೂ ನೆಲವಿರುವ ಕ್ಯಾಸ್ಪಿಯನ್ ಸಮುದ್ರಕ್ಕೆ. ಅದರ ನೀರು ಸಮುದ್ರಮಟ್ಟಕ್ಕಿಂತ ಸುಮಾರು 28 ಮೀಟರ್ ಕೆಳಗಿದೆ. ಕೂಡಿಸಿ ನೋಡಿ. ಜೋಗದಲ್ಲಿ ಶರಾವತಿ ಒಂದೇ ಸಲಕ್ಕೆ ಧುಮುಕುವಷ್ಟು ಎತ್ತರವನ್ನು ವೋಲ್ಗಾ ಇಡೀ ಹಾದಿಯಲ್ಲಿ ಇಳಿಯುತ್ತದೆ. ಇಳಿಜಾರೇ ಇಲ್ಲ ಅನ್ನಿ. ಹಾಗಾಗಿ ದೋಣಿ ಕೆಳಕ್ಕೂ ಹೋಗುತ್ತಿತ್ತು, ಮೇಲಕ್ಕೂ ಬರುತ್ತಿತ್ತು. ಮೇಲಕ್ಕೆ ಬರುವಾಗ ದಡದಲ್ಲಿ ಆಳುಗಳು ಹಗ್ಗ ಕಟ್ಟಿ ಎಳೆಯುತ್ತಿದ್ದರು. ಅವರಿಗೆ ಬುರ್ಲಾಕರು ಅಂತ ಹೆಸರು.

ಈ ನದಿಯಿಂದ ನಮ್ಮ ಬೀದರಿಗೇ ಒಬ್ಬ ಬಂದಿದ್ದ, ಗೊತ್ತಾ? ಹೆಸರು ಅಫನಾಸಿ ನಿಕಿತಿನ್. ವೋಲ್ಗಾ ದಡದ ತ್ವೆರ್ ಊರಿನ ವ್ಯಾಪಾರಿ. 1460ರ ದಶಕದಲ್ಲಿ ಸರಕು ತುಂಬಿಕೊಂಡು ಹೊಳೆಗುಂಟ ಹೊರಟ. ಹೊರಟದ್ದು ಕ್ಯಾಸ್ಪಿಯನ್ ದಡದ ಶಿರ್ವಾನಿಗೆ, ಬೀದರಿಗಲ್ಲ. ವೋಲ್ಗಾದ ಕೊನೆಯಲ್ಲಿರುವ ಅಸ್ತ್ರಾಖಾನ್ ಹತ್ತಿರ ತಾತಾರರು ದೋಣಿ ಹಿಡಿದು ಸರಕೆಲ್ಲ ದೋಚಿದರು. ಬರಿಗೈಲಿ ಊರಿಗೆ ಹೋದರೆ ಸಾಲಗಾರರು ಬಿಡುತ್ತಾರಾ? ಮುಂದೆ ಮುಂದೆ ಹೋದ. ಪರ್ಷಿಯಾ ದಾಟಿ, ಹೊರ್ಮುಜ್‌ನಲ್ಲಿ ಹಡಗು ಹತ್ತಿ, ಮಾರಲು ಒಂದು ಕುದುರೆಯನ್ನೂ ಕರೆದುಕೊಂಡು ಈಗಿನ ಮಹಾರಾಷ್ಟ್ರದ ಚೌಲ್ ಬಂದರಿಗೆ ಬಂದ. ಜುನ್ನಾರಿನ ಅಧಿಕಾರಿ ಕುದುರೆ ಕಿತ್ತುಕೊಂಡು, ಮತ ಬದಲಿಸಿದರೆ ಕೊಡುತ್ತೇನೆ ಅಂದ. ಖೊರಾಸಾನಿನ ಒಬ್ಬ ಪುಣ್ಯಾತ್ಮ ನಡುವೆ ಬಂದು ಬಿಡಿಸಿಕೊಟ್ಟ. ಕೊನೆಗೆ ಆ ಕುದುರೆ ಮಾರಾಟವಾದದ್ದು ಬೀದರಿನಲ್ಲಿ! ಆಗ ಅಲ್ಲಿ ಬಹಮನಿ ಸುಲ್ತಾನರ ಆಳ್ವಿಕೆ, ಅವರ ಮಂತ್ರಿ ಮಹಮೂದ್ ಗವಾನನ ಕಾಲ. ಸರದಾರರು ಬೆಳ್ಳಿ ಮಂಚದ ಮೇಲೆ ಮೆರೆಯುತ್ತಾರೆ, ಹಳ್ಳಿಯವರು ಕಡುಬಡವರು ಅಂತ ನಿಕಿತಿನ್ ಬರೆದಿಟ್ಟ. ವಾಪಸ್ ಹೊರಟವನು ಸ್ಮೊಲೆನ್ಸ್ಕ್ ತಲುಪುವ ಮೊದಲೇ ತೀರಿಕೊಂಡ.

ಅಯ್ಯೋ, ಹೊತ್ತು ಉಳಿದಿಲ್ಲ. ಬೇಗ ಹೇಳುತ್ತೇನೆ. 1552ರಲ್ಲಿ ವೋಲ್ಗಾ ದಡದ ಕಜಾನ್, 1556ರಲ್ಲಿ ಅಸ್ತ್ರಾಖಾನ್ ಗೆದ್ದ ರಷ್ಯಾದ ದೊರೆ ನಾಲ್ಕನೇ ಇವಾನನಿಗೆ ಇಡೀ ವೋಲ್ಗಾ ಸಿಕ್ಕಿತು. ಸೋವಿಯತ್ ಕಾಲದಲ್ಲಿ ಸಾಲುಸಾಲು ಅಣೆಕಟ್ಟು ಬಂದವು. ಇಳಿಜಾರಿಲ್ಲ ಅಂದೆನಲ್ಲ, ಅಂಥ ನೆಲದಲ್ಲಿ ನೀರು ತಡೆದರೆ ಅಗಲಕ್ಕೆ ಹರಡುತ್ತದೆ. ರಿಬಿನ್ಸ್ಕ್ ಜಲಾಶಯವೊಂದೇ ಸುಮಾರು 4,500 ಚದರ ಕಿಲೋಮೀಟರ್. ಮೊಲೊಗಾ ಎಂಬ ಪಟ್ಟಣವೇ ಅದರಡಿ ಮುಳುಗಿತು. 1952ರಲ್ಲಿ 101 ಕಿಲೋಮೀಟರ್ ಕಾಲುವೆ ತೋಡಿ ವೋಲ್ಗಾವನ್ನು ಕಪ್ಪು ಸಮುದ್ರದ ಕಡೆಗೆ ಹರಿಯುವ ದೋನ್ ನದಿಗೆ ಜೋಡಿಸಿದರು. ಕ್ಯಾಸ್ಪಿಯನ್ನಿನಲ್ಲೇ ನಿಲ್ಲುತ್ತಿದ್ದ ಹಡಗುಗಳು ಈಗ ಕಪ್ಪು ಸಮುದ್ರಕ್ಕೂ ಹೋಗುತ್ತವೆ. ನಮಸ್ಕಾರ.